ಉಮಾನಾಥನ ಮೂರು ಫ್ಯೂಸು

ಕಂಬ ಹತ್ತಿದವರ ಕಥೆಯನ್ನು ಕಂಬ ಹತ್ತದವರು ಹೇಳಹೊರಡುವುದು ಅಧಿಕಪ್ರಸಂಗವೇ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಇದನ್ನು ಹೇಳಬೇಕಾಗಿದ್ದವರು ಬಾಯಿ ಬಿಡಲಿಲ್ಲ. ಬರೆಯಬೇಕಾಗಿದ್ದವರು ಬೇರೆಯೇ ಬರೆದರು. ಹಾಗಾಗಿ ಈ ಧೈರ್ಯ.

ಶೇಖರನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಕಪ್ಪು ಕಲೆ ಇತ್ತು. ವಿದ್ಯುತ್ ಸಹಕಾರಿ ಸಂಘದಲ್ಲಿ ದಿನಗೂಲಿಗೆ ಸೇರಿದ ಮೊದಲ ವರ್ಷ, ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಗೂಡಿನಲ್ಲಿ ಫ್ಯೂಸು ಕಾಣದಾಗ ಅವನು ಅವಸರಕ್ಕೆ ಒಂದು ತುಂಡು ತಂತಿ ಸಿಕ್ಕಿಸಿದ್ದ. ಕಿಡಿ ಹಾರಿ ಚರ್ಮ ಸುಟ್ಟಿತು. ಲೈನ್‌ಮನ್ ಉಮಾನಾಥ ಸೈಕಲ್ಲಿನಿಂದ ಇಳಿದವನೇ ಕೆನ್ನೆಗೆ ಒಂದು ಕೊಟ್ಟ.

"ಗೂಡು ಖಾಲಿ ಉಂಟು ಅಂದ್ರೆ ಎಂತ ಅರ್ಥ ಮಾರಾಯ?"

"ಫ್ಯೂಸು ಇಲ್ಲ ಅಂತ."

"ಅಲ್ಲ. ಮೇಲೆ ಒಬ್ಬ ಇದ್ದಾನೆ ಅಂತ."

ಅದು ಲೈನಿನವರ ಕಟ್ಟಳೆ. ಕಂಬ ಹತ್ತುವವನು ಮೊದಲು ಟ್ರಾನ್ಸ್‌ಫಾರ್ಮರಿಗೆ ಹೋಗಬೇಕು, ಪೆಟ್ಟಿಗೆಯ ಮೂರೂ ಪಿಂಗಾಣಿ ಫ್ಯೂಸು ಕಿತ್ತು ತನ್ನ ಜೇಬಿಗೆ ಹಾಕಿಕೊಳ್ಳಬೇಕು. ಜೀವ ಜೇಬಲ್ಲಿ ಇಟ್ಟುಕೊಂಡೇ ಮೇಲೆ ಹೋಗುವುದು. ಕೆಲಸ ಮುಗಿದು ಕೆಳಗಿಳಿದ ಮೇಲೆ ಅವನೇ ಹಾಕಬೇಕು, ಇಲ್ಲವೇ ಜೊತೆಗಾರನ ಕೈಗೆ ಕೊಟ್ಟು 'ಲೈನ್ ಕೊಡು', ಅಂದರೆ ಫ್ಯೂಸು ಹಾಕು, ಎನ್ನಬೇಕು. ಬೇರೆ ಯಾರೂ ಆ ಗೂಡಿಗೆ ಕೈ ಹಾಕುವಂತಿಲ್ಲ. ಅಷ್ಟೂ ಸಾಲದೆ, ಒಬ್ಬ ಮೇಲೆ ಇರುವಾಗ ಇನ್ನೊಬ್ಬ ಪೆಟ್ಟಿಗೆಯ ಬುಡದಲ್ಲಿ ಕಾವಲು ನಿಲ್ಲುತ್ತಿದ್ದ. ಒಂಬತ್ತು ವರ್ಷ ಉಮಾನಾಥ ಮೇಲೆ, ಶೇಖರ ಕೆಳಗೆ.

ಎಂಬತ್ತೆರಡರಲ್ಲಿ ಮಣಿಪಾಲದ ಹೆಡ್ಡಾಫೀಸಿನಿಂದ ಒಂದು ಆದೇಶ ಬಂತು. ಸಂಘ ನಷ್ಟದಲ್ಲಿದೆ, ಇನ್ನು ಒಂದು ಲೈನಿಗೆ ಒಬ್ಬನೇ. ಎರಡು ಸೆಕ್ಷನ್ನಿಗೆ ಇದ್ದದ್ದು ಒಂದೇ ಜೊತೆ ರಬ್ಬರು ಗ್ಲೌಸು, ಅದರ ಹೆಬ್ಬೆರಳಿನ ತೂತಿಗೆ ಸೈಕಲ್ ಟ್ಯೂಬಿನ ತೇಪೆ. ಹೊಸದು ಕೇಳಿದರೆ ಅದಕ್ಕೂ ನಷ್ಟದ ಮಾತೇ. ಅದೇ ವರ್ಷದ ಮಹಾಸಭೆಯಲ್ಲಿ ಆಡಳಿತ ನಿರ್ದೇಶಕ ಅನಂತಪದ್ಮನಾಭ ರಾಯರ ಸಂಬಳ ದುಪ್ಪಟ್ಟಾಯಿತು. ಹೊಸ ಅಂಬಾಸಿಡರ್ ಕಾರು ಬಂತು. ಕಾರ್ಕಳದಿಂದ ನಿಟ್ಟೆಗೆ ಹೋಗುವ ರಸ್ತೆಯಲ್ಲಿ ಎರಡು ಮಾಳಿಗೆಯ ಮನೆ ಏಳತೊಡಗಿತು.

"ನಷ್ಟ ಅಂದ್ರೆ ಹೀಗೆ ಆಗಬೇಕು ನೋಡು, ಮಾಳಿಗೆ ಮೇಲೆ ಮಾಳಿಗೆ," ಎಂದು ಉಮಾನಾಥ ನಗುತ್ತಿದ್ದ.

ಮರುವರ್ಷ ಮೇ ಕೊನೆಯಲ್ಲಿ ಆ ಮನೆಯ ಗೃಹಪ್ರವೇಶ. ಎರಡು ದಿನ ಮೊದಲೇ ಶೇಖರನನ್ನು ಅಲ್ಲಿ ಬಣ್ಣದ ಬಲ್ಬಿನ ಸರ ಕಟ್ಟಲು ಕಳಿಸಿದರು. ಅವನಂತೆ ಕಾಪುವಿನಿಂದ ಒಬ್ಬ, ಹೆಬ್ರಿಯಿಂದ ಒಬ್ಬ. ಮೂರು ಲೈನಿನ ಮೂರು ಜನ ಸಾಹೇಬರ ಮಾಡಿನ ಮೇಲೆ.

ಗೃಹಪ್ರವೇಶದ ಬೆಳಿಗ್ಗೆ ಗಾಳಿಮಳೆ ಹೊಡೆದು ನಿಂತಿತ್ತು. ಹನ್ನೊಂದು ಗಂಟೆಗೆ, ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ, ಕರೆಂಟು ಹೋಯಿತು. ಒಂದು ಮೈಲಿ ಆಚೆ ಹಲಸಿನ ಮರದ ಗೆಲ್ಲು ಮುರಿದು ತಂತಿಯ ಮೇಲೆ ಬಿದ್ದಿತ್ತು. ಉಮಾನಾಥ ಒಬ್ಬನೇ ಹೊರಟ.

ಸಾಹೇಬರು ಪಟ್ಟೆಮಡಿಯಲ್ಲಿ ಜಗಲಿಗೆ ಬಂದರು. "ಏನ್ರೀ ಕೃಷ್ಣರಾಜ್? ಮಣಿಪಾಲದಿಂದ ಡಾಕ್ಟರುಗಳು, ಪ್ರೊಫೆಸರುಗಳು ಬಂದು ಬೆವರುತ್ತಾ ಕೂತಿದ್ದಾರೆ. ಕರೆಂಟಿನವನ ಮನೆಯಲ್ಲೇ ಕರೆಂಟಿಲ್ಲ ಅಂತ ನಗುವುದಿಲ್ವಾ?"

ಕೃಷ್ಣರಾಜ ಸೆಕ್ಷನ್ ಇಂಜಿನಿಯರು. "ಈಗ ಬರುತ್ತದೆ ಸಾರ್."

"ಐದು ನಿಮಿಷ. ಎಂತ ಮಾಡುತ್ತೀರೋ ಮಾಡಿ."

ಏಣಿಯ ಮೇಲಿದ್ದ ಶೇಖರ ಬಾಯಿ ಹಾಕಿದ. "ಸಾರ್, ಮೇಲೆ ಉಮಾನಾಥಣ್ಣ ಇದ್ದಾರೆ."

"ಒಂದು ಗೆಲ್ಲು ತೆಗೆಯಲಿಕ್ಕೆ ಎಷ್ಟು ಹೊತ್ತೋ ಅವನಿಗೆ?" ಎಂದರು ಸಾಹೇಬರು.

ಜೀಪು ಹೊರಟಿತು. ಕೃಷ್ಣರಾಜ, ಡ್ರೈವರು, ಪೆಂಡಾಲಿನ ಇಬ್ಬರು ಆಳು, ಸಾಹೇಬರ ಭಾವ. ಐದು ಜನ. ಎಲೆಗೆ ಪಾಯಸ ಬೀಳುವ ಮೊದಲೇ ಬಲ್ಬಿನ ಸರ ಝಗ್ಗೆಂದಿತು. ಜನ ಚಪ್ಪಾಳೆ ತಟ್ಟಿದರು.

ಇಷ್ಟು ಬೇಗವಾ? ಶೇಖರ ಏಣಿಯಿಂದ ಹಾರಿ, ಯಾರದೋ ಸೈಕಲ್ಲು ಹತ್ತಿ ತುಳಿದ.

ಉಮಾನಾಥ ಕಂಬದಲ್ಲಿ ಬೆಲ್ಟಿಗೆ ಜೋತುಕೊಂಡಿದ್ದ. ತಲೆ ಎದೆಗೆ ಬಿದ್ದಿತ್ತು. ಕೆಳಗೆ ಅವನ ಚಪ್ಪಲಿ ಜೋಡಿಸಿಟ್ಟ ಹಾಗೇ ಇತ್ತು. ಜೀಪು ಕಾಣಲಿಲ್ಲ. ಶೇಖರ ಓಡಿ ಪೆಟ್ಟಿಗೆ ನೋಡಿದ. ಮೂರು ಖಾಲಿ ಗೂಡಿಗೆ ಮೂರು ತುಂಡು ಅಲ್ಯೂಮಿನಿಯಂ ತಂತಿ. ಒಣಕೋಲಿನಿಂದ ಹೊಡೆದು ಕಿತ್ತು ಹುಲ್ಲಿಗೆ ಬಿಸಾಡಿದ. ಹತ್ತಿ, ಹೆಗಲ ಮೇಲೆ ಇಳಿಸಿದ. ಜೀವ ಇರಲಿಲ್ಲ. ಜೇಬಲ್ಲಿ ಮೂರು ಫ್ಯೂಸು ಇತ್ತು.

ಆಮೇಲಿನದ್ದನ್ನು ಹೇಗೆ ಹೇಳಬೇಕೋ ತಿಳಿಯುವುದಿಲ್ಲ. ಮನೆಯಲ್ಲಿ ಕರೆಂಟು ಮತ್ತೆ ಹೋದದ್ದಕ್ಕೆ ಜೀಪು ತಿರುಗಿ ಬಂತು. ಕೃಷ್ಣರಾಜ ಇಳಿದು, ಹೆಣ ನೋಡಿ, "ಶೇಖರ, ಲೈನ್ ಕೊಡು ಮಾರಾಯ," ಎಂದ.

ಒಂಬತ್ತು ವರ್ಷ ದಿನಕ್ಕೆ ಹತ್ತು ಸಲ ಕೇಳಿದ ಮಾತು. ಉಮಾನಾಥ ಇಳಿದ ಮೇಲೆ ಲೈನ್ ಕೊಡಬೇಕು. ಉಮಾನಾಥ ಇಳಿದಿದ್ದಾನೆ. ಶೇಖರನ ಕೈ ತಾನಾಗಿ ಆ ಜೇಬಿಗೆ ಹೋಯಿತು. ಮೂರೂ ಫ್ಯೂಸು ತೆಗೆದು, ಅಂಗಿಗೆ ಒರೆಸಿ, ಗೂಡಿಗೆ ಹಾಕಿದ. ಪೆಟ್ಟಿಗೆಯ ಬಾಗಿಲೂ ಮುಚ್ಚಿದ. ಸಂಜೆಗೆ ತನಿಖೆಯವರು ಬಂದು ತೆರೆದರೆ ಮೂರಕ್ಕೆ ಮೂರು ಫ್ಯೂಸು ಸರಿಯಾಗಿ ಕೂತಿದ್ದವು. ಹುಲ್ಲಿನಲ್ಲಿ ತಂತಿ ಇರಲಿಲ್ಲ.

ಹೇಳಿಕೆ ಬರೆಸಿಕೊಳ್ಳಲು ಕೃಷ್ಣರಾಜ ಅವನನ್ನು ಆಫೀಸಿಗೆ ಕರೆದ.

"ನೀನು ಸುಳ್ಳು ಹೇಳುವುದು ಬೇಡ. ಪೆಟ್ಟಿಗೆಯಲ್ಲಿ ಫ್ಯೂಸು ಇತ್ತಾ, ಇಲ್ವಾ?"

"ಇತ್ತು ಸಾರ್, ಆದರೆ ಹಾಕಿದ್ದು ನಾ..."

"ಇತ್ತು. ಅಷ್ಟು ಸಾಕು. ಹತ್ತು ವರ್ಷ ದಿನಗೂಲಿ ಅಲ್ವಾ ನೀನು? ಖಾಯಂ ಮಾಡುವ ಬಗ್ಗೆ ಸಾಹೇಬರೇ ಹೇಳಿದ್ದಾರೆ."

ಶೇಖರ ಸಹಿ ಹಾಕಿದ. ಮುಂದಿನ ವಾರ ಖಾಯಂ ಆರ್ಡರು ಬಂತು. ಅದರ ಹಿಂದೆಯೇ ವರದಿ: ಫ್ಯೂಸು ತೆಗೆಯದೆ ಕಂಬ ಹತ್ತಿದ್ದು ಮೃತನ ಸ್ವಂತ ಅಜಾಗ್ರತೆ, ಪರಿಹಾರವಿಲ್ಲ, ಹೆಂಡತಿಗೆ ಕೆಲಸವಿಲ್ಲ.

ಹೆಂಡತಿ ಸುಗಂಧಿ ಗೇರುಬೀಜದ ಕಾರ್ಖಾನೆಗೆ ಸೇರಿದಳು. ಬೀಜ ಒಡೆಯುವ ಕೆಲಸ. ತಿಂಗಳೊಳಗೆ ಸೊನೆಗೆ ಅಂಗೈ ಕಪ್ಪಾಯಿತು. ಒಂದು ಭಾನುವಾರ ಅವಳು ಶೇಖರನ ಮನೆಯ ಜಗಲಿಯಲ್ಲಿ ಬಂದು ಕೂತಳು.

"ಶೇಖರಣ್ಣ, ಅವರು ಫ್ಯೂಸು ತೆಗೆಯದೆ ಹತ್ತಿದ್ರಂತೆ. ನಿಮಗೆ ಹೌದು ಅಂತ ಕಾಣ್ತದಾ?"

ಶೇಖರ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಅವಳು ಅಳಲಿಲ್ಲ.

"ಜೇಬಿನಿಂದ ತೆಗೆಯುವಾಗ ಅವರ ಮೈ ಬಿಸಿ ಇತ್ತಾ?"

"ಇತ್ತು ಅಕ್ಕ."

"ಬಿಸಿ ಆರುವ ಮೊದಲೇ ಲೈನ್ ಕೊಟ್ರಿ. ಅಲ್ಲಿ ಉಂಡವರ ಕೈ ತೊಳೆಯುವುದಕ್ಕೆ ಪಂಪು ಓಡಿತು." ಅವಳು ಎದ್ದಳು. "ನನಗೆ ಅವರ ದುಡ್ಡು ಬೇಡ. ನನ್ನ ಗಂಡನಿಗೆ ಕೆಲಸ ಗೊತ್ತಿತ್ತು ಅಂತ ಆ ಸಾಹೇಬನ ಬಾಯಿಂದಲೇ ಬರಬೇಕು. ನಾಲ್ಕು ಜನರೆದುರು ಅವನು ಬೆವರಬೇಕು. ನೀವು ಎಂತ ಮಾಡ್ತೀರಿ, ಹೇಳಿ."

ಶೇಖರ ಯೂನಿಯನ್ನಿನ ಹಿರಿಯ, ಎಲ್ಲರೂ ಗೌರವಕ್ಕೆ ಪೊರ್ಬುಗಳು ಎನ್ನುತ್ತಿದ್ದ ಅಲೋಶಿಯಸನ ಹತ್ತಿರ ಹೋದ. ಮುದುಕ ಬೀಡಿ ಆರಿಸಿ ಕೇಳಿದ, "ನಿನ್ನ ಸಹಿ ಉಂಟಲ್ಲ ಮಾರಾಯ, ಅದನ್ನು ಯಾರು ಅಳಿಸುವುದು?"

"ನಾನೇ, ಪೊರ್ಬುಗಳೇ. ಎಲ್ಲರೆದುರು."

"ಖಾಯಂ ಹೋಗ್ತದೆ."

"ಹೋಗಲಿ. ಅದು ಉಮಾನಾಥಣ್ಣನ ಹೆಣದ ಮೇಲೆ ಸಿಕ್ಕಿದ್ದು."

ಸೆಪ್ಟೆಂಬರಿನಲ್ಲಿ ಉಡುಪಿಯ ಒಂದು ಸಭಾಭವನದಲ್ಲಿ ಮಹಾಸಭೆ. ಐನೂರು ಸದಸ್ಯರು, ತುಂಬಿದ ವೇದಿಕೆ. ಮೂರನೆಯ ವಿಷಯ, ಆಡಳಿತ ನಿರ್ದೇಶಕರ ವೇತನ ಪರಿಷ್ಕರಣೆ. ರಾಯರು ಮೈಕಿನ ಮುಂದೆ ನಿಂತು, "ಸಿಬ್ಬಂದಿ ಕಡಿತದಿಂದ ಸಂಘಕ್ಕೆ ಆದ ಉಳಿತಾಯ..." ಎನ್ನುವಾಗ ಮೈಕು ಸತ್ತಿತು. ಫ್ಯಾನುಗಳು ನಿಧಾನವಾಗಿ ನಿಂತವು.

ಹಿಂದಿನ ಬಾಗಿಲಿನಿಂದ ಖಾಕಿ ಅಂಗಿಯವರು ಬಂದರು. ಕಾಪು, ಹೆಬ್ರಿ, ಅಜೆಕಾರು, ನಿಟ್ಟೆ, ಎಲ್ಲ ಸೆಕ್ಷನ್ನಿನವರು. ಬೆಳಿಗ್ಗೆಯೇ ತಂತಮ್ಮ ಲೈನಿನ ಫ್ಯೂಸು ಕಿತ್ತು ಬಂದಿದ್ದರು. ಆಸ್ಪತ್ರೆಯ ಲೈನನ್ನು, ಕುಡಿಯುವ ನೀರಿನ ಪಂಪನ್ನು ಮುಟ್ಟಿರಲಿಲ್ಲ. ಅಲೋಶಿಯಸ್ ಅದನ್ನು ಆಣೆ ಹಾಕಿಸಿ ಹೇಳಿದ್ದ. ಒಬ್ಬೊಬ್ಬರೇ ಬಂದು ವೇದಿಕೆಯ ಮೇಜಿನ ಮೇಲೆ ಪಿಂಗಾಣಿ ಫ್ಯೂಸು ಇಟ್ಟರು. ಟಕ್, ಟಕ್ ಎನ್ನುವ ಶಬ್ದ ಬಿಟ್ಟರೆ ಬೇರೆ ಸದ್ದಿಲ್ಲ.

"ಎಂತ ಇದು? ಪೊಲೀಸರನ್ನು ಕರೆಯಿರಿ!" ರಾಯರು ಕೂಗಿದರು.

"ಕರೆಯಿರಿ ಸಾರ್," ಎಂದ ಶೇಖರ. ಎಲ್ಲ ಹೇಳಿದ, ಮೈಕಿಲ್ಲದೆ, ಐನೂರು ಜನಕ್ಕೆ. ಗೃಹಪ್ರವೇಶ, ಐದು ನಿಮಿಷ, ಮೂರು ತುಂಡು ತಂತಿ, ಸತ್ತವನ ಜೇಬು, ತನ್ನ ಕೈ, ತನ್ನ ಸಹಿ. ಖಾಯಂ ಆರ್ಡರನ್ನು ಹರಿದು ಫ್ಯೂಸುಗಳ ಮೇಲೆ ಹಾಕಿದ.

"ಕುಡಿದು ಬಂದಿದ್ದಾನೆ," ಎಂದರು ರಾಯರು. "ಗೂಡು ಖಾಲಿ ಇದ್ದರೆ ಲೈನಿಗೆ ಕರೆಂಟು ಹೇಗೆ ಹೋಗುತ್ತದೆ? ಫ್ಯೂಸು ತೆಗೆದವನು ಸಾಯುವುದೇ ಇಲ್ಲ."

ಆಗ ಹೊರಗಿನಿಂದ ಸುಗಂಧಿ ಕೂಗಿದಳು. "ಹಾಗಾದ್ರೆ ಇಲ್ಲಿ ಬನ್ನಿ ಸಾಹೇಬ್ರೇ!"

ಸಭಾಭವನದ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರು. ಅದರ ಪೆಟ್ಟಿಗೆ ಬಾಯಿ ತೆರೆದಿತ್ತು. ಸುಗಂಧಿ ಪೆಟ್ಟಿಗೆಗೆ ಒತ್ತಿ ನಿಂತಿದ್ದಳು, ಮಡಿಲಲ್ಲಿ ಮೂರು ಫ್ಯೂಸು. ಹತ್ತಿರದ ಕಂಬದಿಂದ ಸಭಾಭವನದ ತಂತಿಯೊಂದನ್ನು ಇಳಿಬಿಟ್ಟಿದ್ದರು. ಜನ ರಾಯರನ್ನು ತಳ್ಳಲಿಲ್ಲ. ಸುಮ್ಮನೆ ಎರಡೂ ಬದಿ ನಿಂತು ದಾರಿ ಮಾಡಿದರು. ಆ ದಾರಿಯಲ್ಲಿ ನಡೆಯದೆ ಅವರಿಗೆ ಬೇರೆ ದಾರಿ ಇರಲಿಲ್ಲ.

ಶೇಖರ ತಂತಿಯ ತುದಿಯನ್ನು ಬರಿಗೈಯಲ್ಲಿ ಹಿಡಿದು ಮುಂದೆ ಚಾಚಿದ.

"ಮುಟ್ಟಿ," ಎಂದಳು ಸುಗಂಧಿ. "ಫ್ಯೂಸು ನನ್ನ ಮಡಿಲಲ್ಲಿ ಉಂಟು. ಗೂಡು ಖಾಲಿ. ಈಗ ನೀವೇ ಹೇಳಿದ್ರಲ್ಲ, ಸಾಯುವುದಿಲ್ಲ ಅಂತ. ಮುಟ್ಟಿ."

ರಾಯರು ಪೆಟ್ಟಿಗೆ ನೋಡಿದರು. ಅವಳ ಕಪ್ಪು ಕೈ ನೋಡಿದರು. ಬಲಗೈ ಅರ್ಧ ಎತ್ತಿದರು. ಬೆವರು ಕನ್ನಡಕದ ಕೆಳಗಿನಿಂದ ಇಳಿದು ಗಲ್ಲಕ್ಕೆ ಬಂತು.

"ನಂಬಿಕೆ ಇಲ್ವಾ?"

"ಯಾರಾದರೂ... ಯಾರಾದರೂ ಏನಾದರೂ ಸಿಕ್ಕಿಸಿದರೆ?" ಎಂದರು ರಾಯರು. ಕೈ ಸರಕ್ಕನೆ ಹಿಂದೆ ಹೋಯಿತು.

ಐನೂರು ಜನ ಅದನ್ನು ಕೇಳಿದರು. ಹಿಂದಿನಿಂದ ಯಾರೋ ತುಳುವಿನಲ್ಲಿ ಬೈದರು. ಅಲೋಶಿಯಸ್ ಟೋಪಿ ತೆಗೆದ.

"ಹೌದು," ಎಂದಳು ಸುಗಂಧಿ. "ನನ್ನ ಗಂಡ ನಂಬಿದ್ದ."

ಮೂರನೆಯ ವಿಷಯ ಅವತ್ತು ಮಂಜೂರಾಗಲಿಲ್ಲ. ಹತ್ತೊಂಬತ್ತು ದಿನ ಮುಷ್ಕರ ನಡೆಯಿತು. ಒಂದು ಲೈನಿಗೆ ಇಬ್ಬರು ಎಂಬುದು ತಿರುಗಿ ಬಂತು. ಶೇಖರನನ್ನು ಕೆಲಸದಿಂದ ತೆಗೆದರು. ಅವನೀಗ ಕಾರ್ಕಳದಲ್ಲಿ ಮೋಟಾರು ರಿಪೇರಿ ಮಾಡುತ್ತಾನೆ. ರಾಯರು ರಾಜೀನಾಮೆ ಕೊಟ್ಟು, ಅದೇ ಮನೆಯಲ್ಲಿ ಇದ್ದಾರೆ. ಆ ಮನೆಯ ಫ್ಯೂಸು ಹೋದರೆ ಹಾಕಲು ಹೋಗುವವರು ಯಾರೂ ಅವಸರ ಮಾಡುವುದಿಲ್ಲ. ಒಮ್ಮೆ ಹನ್ನೊಂದು ದಿನ ಆಗಿತ್ತಂತೆ. ವರದಿಯಲ್ಲಿ ಮಾತ್ರ ಇವತ್ತಿಗೂ ಮೃತನ ಅಜಾಗ್ರತೆ ಎಂದೇ ಉಂಟು.

ರಾಯರ ಅಂಗೈಯಲ್ಲಿ ಕಲೆ ಇರಲಿಲ್ಲ. ಅವತ್ತು ಅವರು ಕೈ ಎತ್ತಿದಾಗ ಸುಗಂಧಿ ಸರಿಯಾಗಿ ನೋಡಿದ್ದಳು. ಶೇಖರನ ಕೈಯ ಹಾಗೆ, ಗೂಡಿಗೆ ತಂತಿ ಸಿಕ್ಕಿಸಿದ ಆ ಕೈಯೂ ಸುಟ್ಟಿರಲೇಬೇಕು. ಜೀಪಿನಲ್ಲಿ ಐದು ಜನ ಇದ್ದರು. ಕೃಷ್ಣರಾಜ ಅದೇ ತಿಂಗಳು ವರ್ಗವಾಗಿ ಹೋದ. ಡ್ರೈವರು ತಾನು ಇಳಿದೇ ಇಲ್ಲ ಎಂದು ಆಣೆ ಹಾಕಿದ. ಭಾವ ಮುಂಬಯಿಗೆ ಹೋದವನು ಬರಲಿಲ್ಲ. ಪೆಂಡಾಲಿನ ಆಳುಗಳ ಹೆಸರೂ ಯಾರಿಗೂ ತಿಳಿಯದು.

ಬಸ್ಸಿನಲ್ಲಿ ಯಾರಾದರೂ ಮೇಲಿನ ಸರಳು ಹಿಡಿದು ನಿಂತರೆ ಸುಗಂಧಿ ಇವತ್ತಿಗೂ ಮೊದಲು ಅವರ ಹೆಬ್ಬೆರಳಿನ ಬುಡ ನೋಡುತ್ತಾಳೆ. ಆ ಕೈ ಯಾರದ್ದು ಎಂಬುದು ಅವಳಿಗೂ ಗೊತ್ತಿಲ್ಲ, ಶೇಖರನಿಗೂ ಗೊತ್ತಿಲ್ಲ, ಇದನ್ನು ಬರೆಯುವಾಗ ನಮಗೂ ಗೊತ್ತಿಲ್ಲ.