ತಂಪಿಗೆ ಕೊಟ್ಟ ಸೇಂದಿ

ಸೇಂದಿ ಕುಡಿದವನನ್ನು ಕುಡುಕ ಎಂದು ಕರೆಯುವ ರೂಢಿ ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಇಲ್ಲ. ಬೇಸಿಗೆಯಲ್ಲಿ ಕಣ್ಣು ಉರಿದರೆ, ಮೈ ಕಾದರೆ ಈಚಲ ಮರದ ಆ ರಸವನ್ನು ಅಜ್ಜಿಯರೇ ಮಕ್ಕಳಿಗೂ ಅರ್ಧ ಲೋಟ ಕುಡಿಸುತ್ತಿದ್ದರು. ಅಂಗಡಿಯಲ್ಲಿ ಮಾರುವ ದಾರು ಬೇರೆ, ಸೇಂದಿ ಬೇರೆ. ದಾರು ಮನೆ ಮುರಿಯುತ್ತದೆ, ಸೇಂದಿ ಮೈ ತಂಪು ಮಾಡುತ್ತದೆ. ತಲೆಮಾರುಗಳಿಂದ ಎಲ್ಲರೂ ನಂಬಿಕೊಂಡು ಬಂದ ಈ ಮಾತನ್ನು ಪೊಲೀಸರ ಊದುವ ಮಷೀನು ಮಾತ್ರ ನಂಬಲಿಲ್ಲ.

ಅಂಬರಾಯ ಸೇಡಂನಿಂದ ಮಳಖೇಡಕ್ಕೆ ಟಂಟಂ ಎಂಬ ದೊಡ್ಡ ಆಟೋ ಓಡಿಸುವವನು. ಏಪ್ರಿಲ್ ತಿಂಗಳ ಒಂದು ಮುಂಜಾನೆ ಎಂಟೂವರೆಗೆ, ಸಿಮೆಂಟ್ ಕಾರ್ಖಾನೆಗೆ ಹೋಗುವವರನ್ನು ತುಂಬಿಕೊಂಡು ಕಾಗಿಣಾ ನದಿಯ ಸೇತುವೆ ಹತ್ತಿರ ಬಂದಾಗ ಪೊಲೀಸರು ಕೈ ಅಡ್ಡ ಹಿಡಿದರು. ಹತ್ತು ವರ್ಷದಿಂದ ದಾರು ಮುಟ್ಟದವನಿಗೆ ಯಾರ ಹೆದರಿಕೆ? ಎದೆ ಉಬ್ಬಿಸಿ ಊದಿದ. ಮೂವತ್ತು ದಾಟಿದರೆ ಕೇಸು, ಮಷೀನು ಐವತ್ತೆರಡು ತೋರಿಸಿತು. ಇನ್ನೊಮ್ಮೆ ಊದಿದ, ಅಷ್ಟೇ ಬಂತು. ಹಿಂದೆ ಕೂತವರು ಒಬ್ಬೊಬ್ಬರಾಗಿ ಇಳಿದು ಬೇರೆ ಗಾಡಿ ಹತ್ತಿದರು. ಒಬ್ಬರೂ ಅವನ ಮುಖ ನೋಡಲಿಲ್ಲ.

ಗಾಡಿಯನ್ನು ಠಾಣೆಗೆ ಒಯ್ಯುವಾಗಲೇ ಅವನಿಗೆ ಹೊಳೆಯಿತು. ಹಿಂದಿನ ದಿನ ಹೆಂಡತಿ ಮಾಣಿಕಮ್ಮನ ತಮ್ಮ ಚೌಡೇಶ ತೆಲಂಗಾಣದ ಗಡಿ ದಾಟಿ ಹೋಗಿ ಒಂದು ಕ್ಯಾನು ಸೇಂದಿ ತಂದುಕೊಟ್ಟಿದ್ದ. ಗಂಡನಿಗೆ ಉಷ್ಣವಾಗಿದೆ ಎಂದು ಮಾಣಿಕಮ್ಮ ಮುಂಜಾನೆ ತನ್ನ ಕೈಯಾರೆ ಎರಡು ಲೋಟ ಕುಡಿಸಿ ಕಳಿಸಿದ್ದಳು. ರಾತ್ರಿಯೆಲ್ಲ ಇಟ್ಟ ಸೇಂದಿ ಹುಳಿ ಬಂದು ಅಮಲೇರಿತ್ತು.

ಕೆಟ್ಟ ಸುದ್ದಿಗೆ ಕಾಲು ಬಹಳ. ಅವನಿಗಿಂತ ಮೊದಲೇ ಅದು ಮನೆ ಮುಟ್ಟಿತ್ತು. ಮಾಣಿಕಮ್ಮ ಬಾಗಿಲಲ್ಲೇ ನಿಂತಿದ್ದಳು.

"ಮಷೀನು ಸುಳ್ಳ ಹೇಳ್ತದೇನು?" ಎಂದಳು.

ಸೇಂದಿಯ ಮಾತು ಅಂಬರಾಯನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಗಿಲು ಹಿಡಿದಿದ್ದ ಅವಳ ಬಲಗೈ ಕಣ್ಣಿಗೆ ಬಿತ್ತು. ಆ ಮೊಣಕೈ ನೆಟ್ಟಗಾಗುವುದಿಲ್ಲ. ಹತ್ತು ವರ್ಷದ ಹಿಂದೆ ಅವನು ಕುಡಿದು ಓಡಿಸಿ ಗಾಡಿ ಮಗುಚಿ ಹಾಕಿದಾಗ ಮುರಿದದ್ದು ಅದು. ಅಂದು ಅವಳು ಪೊಲೀಸರಿಗೆ "ಎಮ್ಮಿ ಅಡ್ಡ ಬಂತ್ರಿ" ಎಂದಿದ್ದಳು. ಅವನಿಗೆ ಒಂದು ಬೈಗುಳವನ್ನೂ ಬೈದಿರಲಿಲ್ಲ. ಅಂದಿನಿಂದ ಅವನು ದಾರು ಬಿಟ್ಟ. ಈಗ ಈ ಹೆಂಗಸಿಗೆ 'ನಿನ್ನ ಕೈಯಿಂದಲೇ ನನಗೆ ಹೀಗಾಯಿತು' ಎಂದು ಹೇಳುವುದೇ? ಕರುಳು ಒಪ್ಪಲಿಲ್ಲ.

"ಇಲ್ಲ," ಎಂದ. "ಮಷೀನು ಸುಳ್ಳ ಹೇಳಂಗಿಲ್ಲ."

ಅವಳ ಮುಖ ಬಾಡಿಹೋಯಿತು. "ಕೋರ್ಟಿನ ಕೆಲಸ ಮುಗೀಲಿ. ನಾ ಚಿಮ್ಮನಚೋಡಕ್ಕ ನನ್ನ ತವರಿಗಿ ಹೋಗ್ತೀನಿ. ಮತ್ತ ಬರಂಗಿಲ್ಲ."

ಆರು ದಿನ ಅವಳು ಮಾತಾಡಲಿಲ್ಲ. ಬಾಯಿಗೆ ಬೀಗ ಹಾಕಿದಳೇ ಹೊರತು ರೊಟ್ಟಿಗೆ ಹಾಕಲಿಲ್ಲ. ಹೊತ್ತಿಗೆ ಸರಿಯಾಗಿ ತಟ್ಟೆ ಬರುತ್ತಿತ್ತು. ಟಂಟಂ ಸ್ಟ್ಯಾಂಡಿನ ಸಿದ್ದಣ್ಣ ಮನೆಗೆ ಬಂದು "ಆರ ತಿಂಗಳ ಜೈಲು ಪಕ್ಕಾ, ಲೈಸನ್ಸೂ ಹೋತು" ಎಂದು ಸಮಾಧಾನ ಹೇಳಿ ಹೋದ. ಇಂಥ ಸಮಾಧಾನಕ್ಕಿಂತ ಬೈಗುಳವೇ ವಾಸಿ. ಅಂದು ಸಂಜೆ ಮಾಣಿಕಮ್ಮ ಅಂಗನವಾಡಿ ಟೀಚರನ್ನು ಕೇಳಿ ತಿಳಿದುಕೊಂಡು ಬಂದಳು: ಬಡವರಿಗೆ ಕೋರ್ಟಿನ ಆವರಣದಲ್ಲೇ ಪುಕ್ಕಟೆ ವಕೀಲರು ಸಿಗುತ್ತಾರಂತೆ. ಬಿಟ್ಟು ಹೋಗುತ್ತೇನೆ ಎಂದವಳೇ ವಕೀಲರನ್ನು ಹುಡುಕಿದ್ದು ಕಂಡು ಅಂಬರಾಯನಿಗೆ ಒಳಗೊಳಗೇ ಅಳು ಬಂತು.

ಸೇಡಂ ಕೋರ್ಟಿನ ಕಾನೂನು ನೆರವಿನ ಕೋಣೆಯಲ್ಲಿ ರಾಜೇಶ್ವರಿ ಎಂಬ ವಕೀಲೆ ಇದ್ದರು. ಕಡತಗಳ ನಡುವೆ ಜಾಗ ಮಾಡಿ ಇಬ್ಬರನ್ನೂ ಕೂರಿಸಿದರು.

"ಹೆದರಬ್ಯಾಡ್ರಿ. ಹಿಂದ ಕೇಸ್ ಏನರ ಆಗ್ಯಾವೇನು? ಇಲ್ಲಲ್ಲ? ಮೊದಲನೇ ಸಲಕ್ಕ ಆರ ತಿಂಗಳ ತನಕ ಜೈಲು ಇಲ್ಲಾ ಹತ್ತ ಸಾವಿರ ತನಕ ದಂಡ, ಇಲ್ಲಾ ಎರಡೂ ಅಂತ ಕಾನೂನಿನ್ಯಾಗ ಅದ. ಆದ್ರ ಯಾರಿಗೂ ಪೆಟ್ಟಾಗಿಲ್ಲ. ಖರೆ ಹೇಳಿ ಒಪ್ಪಿಕೊಂಡ್ರ ದಂಡದಾಗ ಮುಗಸ್ರಿ ಅಂತ ನಾ ಕೇಳ್ಕೋತೀನಿ. ಆವತ್ತ ಏನ್ ಕುಡದಿದ್ರಿ?"

"ದಾರು."

"ಎಲ್ಲಿ?"

"ಸ್ಟ್ಯಾಂಡಿನ ಹಿಂದ, ಅಂಗಡ್ಯಾಗ."

"ಎಷ್ಟೊತ್ತಿಗಿ?"

"ಮುಂಜಾನಿ ಎಂಟಕ್ಕ."

ವಕೀಲೆ ಪೆನ್ನು ಕೆಳಗಿಟ್ಟರು. "ಅಂಬರಾಯರೇ, ಹತ್ತಕ್ಕ ತೆರಿಯೋ ಅಂಗಡ್ಯಾಗ ಎಂಟಕ್ಕ ಹ್ಯಾಂಗ ಕುಡದ್ರಿ? ನನ್ನ ಮುಂದ ಸುಳ್ಳ ಹೇಳಿದ್ರ ನಾ ಏನ್ ಮಾಡ್ಲಿ?"

ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕು. ಅಂಬರಾಯ ತಲೆ ತಗ್ಗಿಸಿದ. ಮಾಣಿಕಮ್ಮ ಮೊದಲ ಸಲ ಬಾಯಿ ಬಿಟ್ಟಳು.

"ಎಂಟಕ್ಕ ಮನ್ಯಾಗೇ ಇದ್ರು ಮೇಡಂ. ರೊಟ್ಟಿ ತಿಂದು ನೆಟ್ಟಗ ಗಾಡಿ ಹತ್ಯಾರ. ನಾ ಕೊಟ್ಟ ಸೇಂದಿ ಬಿಟ್ರ ಏನೂ..."

ವಕೀಲೆ ಮೆಲ್ಲಗೆ ಕೇಳಿದರು.

"ಹಿಂದಿನ ದಿನದ್ದೇನು ಅದು?"

"ಹೌದ್ರಿ. ಆದ್ರ ಸೇಂದಿ ದಾರು ಅಲ್ಲಲ್ರಿ. ತಂಪಿಗಂತ..."

"ಅದರಾಗೂ ಅದೇ ಅಮಲು ಇರ್ತದ ತಾಯಿ. ಹೊತ್ತು ಹೋದಂಗ ಇನ್ನೂ ಹೆಚ್ಚಾಗ್ತದ. ಮಷೀನಿಗಿ ಎರಡೂ ಒಂದೇ, ಕಾನೂನಿಗೂ ಒಂದೇ. ಯಾರು ಕೊಟ್ರು ಅಂತ ಅದು ಕೇಳಂಗಿಲ್ಲ."

ಮಾಣಿಕಮ್ಮ ಗಂಡನ ಕಡೆ ತಿರುಗಿದಳು. "ನಿನಗ ಗೊತ್ತಿತ್ತು?"

ಅವನು ಹೌದೆಂದು ತಲೆಯಾಡಿಸಿದ.

"ಆವತ್ತೇ ಗೊತ್ತಿತ್ತು?"

"ನೀ ಸಂಕಟ ಪಡ್ತಿ ಅಂತ ಹೇಳ್ಲಿಲ್ಲ."

"ನಾ ಬಿಟ್ಟ ಹೋದ್ರೂ ಹೇಳ್ತಿದ್ದಿಲ್ಲೇನು?"

ವಕೀಲೆ ಕಡತ ಹುಡುಕುವ ನೆಪದಲ್ಲಿ ಆ ಕಡೆ ತಿರುಗಿ ನಿಂತರು. ಒಳ್ಳೆಯ ಹೆಣ್ಣುಮಗಳು.

ಮಧ್ಯಾಹ್ನ ನ್ಯಾಯಾಧೀಶರ ಮುಂದೆ ಹೆಸರು ಕೂಗಿದರು. ತಪ್ಪು ಒಪ್ಪುತ್ತೀಯಾ ಎಂದು ಕೇಳಿದಾಗ ಮಾಣಿಕಮ್ಮ ಕೊಟ್ಟವಳು ತಾನೇ ಎಂದು ಹೇಳಲು ಹಿಂದಿನ ಬೆಂಚಿನಿಂದ ಅರ್ಧ ಎದ್ದಿದ್ದಳು. ಅಂಬರಾಯ ಅವಳಿಗಿಂತ ಮೊದಲೇ ಬಾಯಿ ತೆರೆದ.

"ಒಪ್ಪತೀನ್ರಿ ಸಾಹೇಬ್ರ. ಸೇಂದಿ ದಾರು ಅಲ್ಲ ಅಂತ ತಿಳಕೊಂಡಿದ್ದೆ. ಕುಡದಾತ ನಾನೇ, ಗಾಡಿ ಹತ್ತಿದಾತನೂ ನಾನೇ. ಹಿಂದ ಎಂಟ ಮಂದಿ ಕುಂತಿದ್ರು."

ಈ ಕೊನೆಯ ಮಾತನ್ನು ವಕೀಲೆ ಹೇಳಿಕೊಟ್ಟಿರಲಿಲ್ಲ. ಆರು ರಾತ್ರಿ ಅವನ ನಿದ್ದೆ ಕೆಡಿಸಿದ್ದು ಆ ಎಂಟು ಮಂದಿಯೇ. ರಾಜೇಶ್ವರಿ ಎದ್ದು ನಿಂತು ಅವನ ಪರವಾಗಿ ನಾಲ್ಕು ಮಾತಾಡಿದರು. ಜೈಲು ತಪ್ಪಿತು, ದಂಡ ಬಿತ್ತು, ಲೈಸನ್ಸು ಮೂರು ತಿಂಗಳು ಅಮಾನತಾಯಿತು.

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತರು. ಬಿಸಿಲು ಹೊಡೆಯುತ್ತಿತ್ತು. ಮಾಣಿಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ನೀ ಕುಡದಿದ್ದಕ್ಕ ಸಾಹೇಬ್ರು ದಂಡ ಹಾಕಿದ್ರು. ನೀ ಮತ್ತ ಕುಡುಕ ಆದಿ ಅಂತ ನಾ ನಂಬಿಬಿಟ್ಟೆ ನೋಡು, ಅದಕ್ಕ ನನಗ ಯಾರು ದಂಡ ಹಾಕ್ತಾರ?"

ಅಂಬರಾಯ ಅವಳನ್ನೇ ನೋಡಿದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಇಷ್ಟು ಚೆಂದ ಅವಳು ಯಾವತ್ತೂ ಕಂಡಿರಲಿಲ್ಲ.

"ಮೂರ ತಿಂಗಳ ನಾ ಮನ್ಯಾಗೇ ಇರ್ತೀನಲ್ಲ," ಎಂದ. "ದಿನಾ ಮೂರ ಹೊತ್ತು ನನ್ನ ಮಾರಿ ನೋಡು. ಇದಕ್ಕಿಂತ ದೊಡ್ಡ ದಂಡ ಯಾವ ಕೋರ್ಟಿನ್ಯಾಗೂ ಇಲ್ಲ."

ಮಾಣಿಕಮ್ಮ ನಕ್ಕಳು. ನಗುತ್ತಲೇ, ಕೋರ್ಟಿನ ಮುಂದೆ ನಾಲ್ಕು ಜನ ನೋಡುತ್ತಿದ್ದಾರೆ ಎಂಬುದನ್ನೂ ಮರೆತು, ಅವನ ಭುಜಕ್ಕೆ ಹಣೆ ಹಚ್ಚಿ ಅತ್ತುಬಿಟ್ಟಳು.