ಬಾಲ ಬಂದ ಚುಕ್ಕಿ

ದೀವಿಹಲಸು ಬಲಿಯುವ ಕಾಲ. ಸವಾಯಿ ದ್ವೀಪದ ಆ ಊರಿನ ಹೆಂಗಸರು ಬೇಯಿಸಿದ ಕೇದಗೆ ಎಲೆಗಳನ್ನು ಅಂಗಳದ ಕಲ್ಲುಗಳ ಮೇಲೆ ಹರಡಿ, ಒಣಗಿದ್ದನ್ನು ಚಾಪೆಗೆಂದು ಸುರುಳಿ ಸುತ್ತುತ್ತಿದ್ದರು. ಮಹಿಳಾ ಸಮಿತಿಯ ಹಿರಿಯಳಾದ ಮತಲೇನ ಮಾತ್ರ ಆ ಕೆಲಸ ಬಿಟ್ಟು, ಪೆನ್‌ಡ್ರೈವೊಂದನ್ನು ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡು ಯಾಕೋಪೊನ ಮನೆಗೆ ಹೊರಟಳು.

ಅದರಲ್ಲಿ ಹನ್ನೊಂದು ಸ್ಲೈಡುಗಳಿದ್ದವು. ಪಟ್ಟಣದಲ್ಲಿ ಪಾಠ ಹೇಳುವ ತಂಗಿ ಮಾಡಿಕೊಟ್ಟದ್ದು. ಹವಳದ ದಿಬ್ಬದ ನಡುವೆ ಒಂದು ಕಂಡಿಯಿದೆ. ಮೀನು ಮೊಟ್ಟೆಯಿಡಲು ಸೇರುವುದು ಅಲ್ಲೇ, ಊರಿನವರು ಬಲೆ ಬಿಡುವುದೂ ಅಲ್ಲೇ. ಈಗೀಗ ಬಲೆಗೆ ಬೀಳುವುದು ಬೆರಳುದ್ದದ ಮೀನು. ಮೂರು ವರ್ಷ ಯಾರೂ ಬಲೆ ಬಿಡದಂತೆ ಆ ಕಂಡಿಯನ್ನು ಮುಚ್ಚಿರೆಂದು ಮತಲೇನ ಎರಡು ಸಲ ಪಂಚರ ಮುಂದೆ ಬಾಯಿಮಾತಿನಲ್ಲಿ ಕೇಳಿ ಸೋತಿದ್ದಳು. ಮೂರನೆಯ ಸಲವೂ ಸೋತರೆ ಆ ಮಾತು ಮತ್ತೆ ಎತ್ತುವಂತಿರಲಿಲ್ಲ.

ತೊಡಕೆಂದರೆ, ಸಭೆಯ ಮನೆಯ ಕಂಪ್ಯೂಟರು ಮುದಿ. ಪೆನ್‌ಡ್ರೈವ್ ಚುಚ್ಚುವ ಕಿಂಡಿಗಳನ್ನು ಉಪ್ಪುಗಾಳಿ ತಿಂದು ಹಾಕಿತ್ತು, ಸಿ.ಡಿ. ಹಾಕಿದರೆ ಮಾತ್ರ ಓದುತ್ತಿತ್ತು. ಸಿ.ಡಿ. ಬರೆಯುವ ಯಂತ್ರ ಊರಿಗೆಲ್ಲ ಇದ್ದದ್ದು ಚರ್ಚಿನ ಹಾಡುಗಳನ್ನು ಹಂಚುವ ಯಾಕೋಪೊನ ಬಳಿ.

"ನೋಡಕ್ಕಾ, ಒಂದ್ಸಲ ಬರೆದ್ಮೇಲೆ ಇದನ್ನ ಅಳಿಸಕ್ಕಾಗಲ್ಲ. ಮದುವೆ ಇದ್ದಂಗೆ," ಎಂದ ಯಾಕೋಪೊ.

"ಹಂಗಾದ್ರೆ ನಿಧಾನಕ್ಕೆ ಬರಿ. ನಿನ್ ಮದುವೆ ತರ ಅವಸರ ಮಾಡ್ಬೇಡ."

ಸಭೆಯ ಮನೆಯ ಯಂತ್ರಕ್ಕೆ ತಿಳಿಯುವ ಹಳೆಯ ರೂಪಕ್ಕೆ ಸ್ಲೈಡುಗಳನ್ನು ಬದಲಿಸಿ ಅವನು ಸಿ.ಡಿ. ಬರೆದುಕೊಟ್ಟ. ಅವನ ಮನೆಯಲ್ಲಿ ತೆರೆದು ನೋಡಿದಾಗ ಎಲ್ಲವೂ ಸರಿಯಾಗಿಯೇ ಇತ್ತು.

ಸೋಮವಾರ ಬೆಳಿಗ್ಗೆ ಪಂಚರು ತಂತಮ್ಮ ಕಂಬಕ್ಕೆ ಒರಗಿ ಕೂತರು. ವಾಡಿಕೆಯಂತೆ ಬೇರು ಕಿವುಚಿದ ಪಾನ ಕರಟದಲ್ಲಿ ಸುತ್ತು ಬರುತ್ತಿತ್ತು. ಮೊದಲ ಮೂರು ಸ್ಲೈಡುಗಳ ಮೀನುಗಳನ್ನು ಎಲ್ಲರೂ ತಲೆದೂಗಿ ನೋಡಿದರು. ನಾಲ್ಕನೆಯದು ಬಂತು: ‘ಅವ: ಮೂರು ವರ್ಷ ಮುಚ್ಚಬೇಕು.’

ಅವರ ಮಾತಿನಲ್ಲಿ ‘ಅವ’ ಎಂದರೆ ಕಂಡಿ. ಅದೇ ಪದದ ಮೊದಲಿಗೊಂದು ಪುಟ್ಟ ಗೀಟೆಳೆದು, ಗಂಟಲಲ್ಲಿ ತುಸು ತಡೆದು ಹೇಳಿದರೆ ಪಂಚರ ಕೈಯಲ್ಲಿದ್ದ ಪಾನ. ತಂಗಿ ಸಾಲು ಶುರುವಾಗುವಲ್ಲಿ ಗುರುತಿಗೆಂದು ಇಟ್ಟದ್ದು ಬರಿಯ ಚುಕ್ಕಿ. ಮುದಿ ಯಂತ್ರಕ್ಕೆ ಆ ಚುಕ್ಕಿಯ ಗುರುತು ಹತ್ತದೆ, ಅದಕ್ಕೊಂದು ಬಾಲ ಬೆಳೆಸಿ ಗೀಟು ಮಾಡಿಬಿಟ್ಟಿತ್ತು. ಪರದೆಯ ಮೇಲೆ ಮೂರು ವರ್ಷ ಮುಚ್ಚಬೇಕಾದದ್ದು ಈಗ ಪಾನವಾಗಿತ್ತು.

ಹಿರಿಯ ಪಂಚ ಮೊತುಸಗನ ಕರಟ ತುಟಿಯ ಹತ್ತಿರವೇ ನಿಂತಿತು. "ಏನಮ್ಮಾ, ಮೀನಿನ ಮಾತು ಅಂತ ಕೂರಿಸಿ ನಮ್ಮ ಕರಟಕ್ಕೇ ಕೈ ಹಾಕ್ತೀಯಾ?"

ಸಭೆಯಲ್ಲಿ ಗುಜುಗುಜು ಎದ್ದಿತು. ಸ್ಲೈಡು ಸರಿಸುತ್ತಿದ್ದ ಯಾಕೋಪೊ ಯಂತ್ರದ ಹಿಂದೆ ತಲೆ ತಗ್ಗಿಸಿದ. ಮತಲೇನ ಪರದೆಯ ಕಡೆ ತಿರುಗಿ ಆ ಗೀಟನ್ನು ನೋಡಿದಳು. ತಪ್ಪಾಯಿತೆಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು.

"ಯಜಮಾನ್ರೇ, ಮುಚ್ಚೋದು ಒಂದೇ. ಕಂಡಿನೋ ಕರಟನೋ, ನೀವೇ ಆರಿಸ್ಕೊಳ್ಳಿ. ಹೆಂಗಸರು ನಾವು ಎರಡಕ್ಕೂ ಒಪ್ಪಿದೀವಿ."

ಮೊದಲು ಕುಲುಕಿದ್ದು ಮೊತುಸಗನ ಹೆಗಲು. ಆಮೇಲೆ ಕಂಬದಿಂದ ಕಂಬಕ್ಕೆ ನಗು ಹಬ್ಬಿ, ಪಾನ ಚಾಪೆಯ ಮೇಲೆ ಚೆಲ್ಲಿತು. ಎರಡು ಸಭೆಗಳಲ್ಲಿ ಬಗೆಹರಿಯದ್ದು ಕರಟ ಒಂದು ಸುತ್ತು ಬರುವುದರೊಳಗೆ ಬಗೆಹರಿಯಿತು.

"ಕಂಡಿನೇ ಮುಚ್ಚಿ," ಎಂದ ಮೊತುಸಗ, ಕಣ್ಣೊರೆಸಿಕೊಳ್ಳುತ್ತ. "ಮೂರು ವರ್ಷ."

ಉಳಿದ ಏಳು ಸ್ಲೈಡುಗಳನ್ನು ಯಾರೂ ಕೇಳಲಿಲ್ಲ. ಹೊರಗೆ ಯಾಕೋಪೊ ಹಲ್ಲು ಕಿರಿಯುತ್ತ, ಬರೆದ ಕೂಲಿ ಏನು ಕೊಡುತ್ತೀ ಎಂದು ಕೇಳಿದ.

"ಮೀನು," ಎಂದಳು ಮತಲೇನ. "ಕಂಡಿ ತೆರೆದ ದಿನ ಬಂದು ಇಸ್ಕೋ."