ಹದಿನೈದು ಕೆಮ್ಮು

ಕಂಪನಿ ತಯಾರಿಸಿದ ಇಂಜೆಕ್ಷನ್ ಪೆನ್ನಿಗೆ ಇದ್ದದ್ದು ಒಂದೇ ಕಾಯಿಲೆ: ಅದು ಎರಡು ಸಲ ಟಕ್ ಅನ್ನುತ್ತಿತ್ತು. ತೊಡೆಗೆ ಒತ್ತಿದಾಗ ಸೂಜಿ ಒಳಗೆ ಹೋಗಿ ಮೊದಲ ಟಕ್. ಔಷಧಿ ಪೂರ್ತಿ ಇಳಿದ ಮೇಲೆ ಎರಡನೆಯದು. ಅಲರ್ಜಿ ಏರಿ ಮಗುವಿಗೆ ಉಸಿರು ಕಟ್ಟುತ್ತಿರುವಾಗ ಯಾವ ತಾಯಿ ಎರಡನೆಯದಕ್ಕೆ ಕಾಯುತ್ತಾಳೆ? ಮೊದಲನೆಯದಕ್ಕೇ ಕಿತ್ತುಬಿಡುತ್ತಾಳೆ, ಅರ್ಧ ಔಷಧಿ ನೆಲದ ಪಾಲು.

ಇದನ್ನು ಕಂಡುಹಿಡಿಯಲೆಂದೇ ಪರೀಕ್ಷೆ ಇತ್ತು. ಹೊರಗಿನ ಹದಿನೈದು ಜನರನ್ನು ಒಬ್ಬೊಬ್ಬರಾಗಿ ಕೋಣೆಗೆ ಕರೆದು, ಸ್ಪಂಜಿನ ತೊಡೆ ಮುಂದಿಟ್ಟು, ಬರೀ ನೀರು ತುಂಬಿದ ಪೆನ್ನನ್ನು ಕೈಗೆ ಕೊಡುವುದು. ಆಮೇಲೆ ಯಾರೂ ತುಟಿಪಿಟಕ್ ಅನ್ನುವಂತಿಲ್ಲ. ಮೂಲೆಯಲ್ಲಿ ಕೂತು, ನಡೆದದ್ದನ್ನೆಲ್ಲ ಗಡಿಯಾರ ನೋಡಿ ಬರೆಯುವುದು ಕಂಪನಿಯ ಕಿರಿಯ ನೌಕರಳಾದ ಅವಳ ಕೆಲಸ. ನಡೆಸುವವರು ವಿಭಾಗದ ಮುಖ್ಯಸ್ಥರು. ಎಲ್ಲವನ್ನೂ ಬಲ್ಲ ಆ ಮಹಾನುಭಾವರಿಗೆ ಬೆನ್ನ ಹಿಂದೆ ಬೃಹಸ್ಪತಿ ಎಂದೇ ಹೆಸರು.

ಬೃಹಸ್ಪತಿಗಳು ನಿಯಮ ಮುರಿಯಲಿಲ್ಲ, ಒಂದು ಮಾತೂ ಆಡಲಿಲ್ಲ. ಮೊದಲ ಟಕ್ ಆಗಿ ಎದುರಿನವರ ಕೈ ಸಡಿಲವಾದರೆ ಸಾಕು, ಕೆಮ್ಮುತ್ತಿದ್ದರು. ಆ ಕೆಮ್ಮು ಗಂಟಲಿನದಲ್ಲ, ಅಧಿಕಾರದ್ದು. ಬಂದವರು ಬೆಚ್ಚಿ, ಪೆನ್ನನ್ನು ಹಾಗೇ ಒತ್ತಿ ಹಿಡಿಯುತ್ತಿದ್ದರು. ಎರಡನೇ ಟಕ್, ಪಾಸು. ಅವಳು ಕೆಮ್ಮನ್ನು ಬರೆಯಲಿಲ್ಲ. ಹೊಟ್ಟೆಪಾಡು ನೋಡಿ.

ಹದಿನೈದನೆಯವರು ಬಾರದೆ ಕೈಕೊಟ್ಟರು. "ನಿಮ್ಮನೆಯಿಂದ ಯಾರನ್ನಾದ್ರೂ ಕರ್ಕೊಂಡು ಬನ್ರಿ, ಒಂದು ತಲೆ ಬೇಕಷ್ಟೆ," ಎಂದರು ಬೃಹಸ್ಪತಿ. ಅವಳ ಅಕ್ಕ ಬಂದಳು. ಅಕ್ಕನ ಮಗಳಿಗೆ ಕಡಲೆಕಾಯಿ ಸೋಕಿದರೂ ಗಂಟಲು ಊದಿಕೊಳ್ಳುತ್ತದೆ. ಅಕ್ಕನ ಕೈ ಸಡಿಲವಾಯಿತು, ಬೃಹಸ್ಪತಿ ಕೆಮ್ಮಿದರು, ಅಕ್ಕನೂ ಪಾಸಾದಳು.

"ಗೆದ್ದೆ ಕಣೇ!" ಎಂದಳು ಮೆಟ್ಟಿಲಿಳಿಯುತ್ತಾ. "ಅವರು ಕೆಮ್ಮದೇ ಇದ್ದಿದ್ರೆ ತೆಗೆದೇ ಬಿಡ್ತಿದ್ದೆ. ಅಂಗಡಿಗೆ ಬಂದ ದಿನಾನೇ ಪುಟ್ಟಿಗೆ ಒಂದು ತಂದಿಟ್ಕೋತೀನಿ."

ಅಕ್ಕನನ್ನು ಆಟೋ ಹತ್ತಿಸುವಾಗ ಅವಳಿಗೆ ಒಂದೇ ಯೋಚನೆ. ಪುಟ್ಟಿಗೆ ಉಸಿರು ಕಟ್ಟಿದ ದಿನ ಅಕ್ಕನ ಅಡುಗೆಮನೆಗೆ ಹೋಗಿ ಕೆಮ್ಮುವವರು ಯಾರು?

ವಾಪಸು ಹೋಗಿ, ಕೋಣೆಯ ಕ್ಯಾಮೆರಾ ತೆಗೆದಿದ್ದ ಹದಿನೈದೂ ವಿಡಿಯೋಗಳನ್ನು ನೋಡಿದಳು. ಒಂದೊಂದು ಕೆಮ್ಮನ್ನೂ ನಿಮಿಷ, ಸೆಕೆಂಡಿನ ಸಮೇತ ವರದಿಯಲ್ಲಿ ಬರೆದಳು. ಬೃಹಸ್ಪತಿ ಮೊದಲ ಪುಟದ 'ಹದಿನೈದಕ್ಕೆ ಹದಿನೈದು' ಅಷ್ಟನ್ನೇ ಓದಿ ಸಹಿ ಜಡಿದರು. ಬಲ್ಲವರಿಗೆ ಓದುವ ಕಷ್ಟವೇಕೆ!

ಪರವಾನಗಿ ಕೊಡುವ ಕಚೇರಿಯ ಅಧಿಕಾರಿಣಿ ಪಾಪ, ಏನೂ ಬಲ್ಲವರಲ್ಲ. ಆದ್ದರಿಂದ ಕೊನೆಯ ಪುಟದವರೆಗೂ ಓದಿದ್ದರು. ಅದೇ ಕೋಣೆಗೆ ಬಂದು ಕೂತು ಕೇಳಿದರು: "ಈ ಕೆಮ್ಮನ್ನೂ ಡಬ್ಬೀಲಿ ಹಾಕಿ ಮಾರ್ತೀರಾ?"

ಬೃಹಸ್ಪತಿ ಅವಳತ್ತ ದುರುಗುಟ್ಟಿ ನೋಡಿದರು. "ನೆಗಡಿ ಆಗಿತ್ತು ಮೇಡಂ. ಇದಕ್ಕೆ ಯಾರ ಸಹಾಯಾನೂ ಬೇಡ, ಎಳೆಮಗೂನೂ ಮಾಡುತ್ತೆ."

"ಹಾಗಾದ್ರೆ ನೀವೇ ಮಾಡಿ ತೋರಿಸಿ."

ಬೃಹಸ್ಪತಿ ನಕ್ಕರು. ಪೆನ್ನಿನ ಗುಣಗಾನ ಮಾಡುತ್ತಲೇ ಸ್ಪಂಜಿನ ತೊಡೆಗೆ ಒತ್ತಿದರು. ಟಕ್. "ನೋಡಿದ್ರಾ, ಇಷ್ಟೇ!" ಎಂದು ಪೆನ್ನು ಕಿತ್ತು ಮೇಲೆತ್ತಿ ಹಿಡಿದರು. ನೀರು ಇಸ್ತ್ರಿ ಮಾಡಿದ ತೋಳಿನೊಳಗೆ ಮೊಣಕೈವರೆಗೂ ಇಳಿಯಿತು. ಎರಡನೇ ಟಕ್ ಗಾಳಿಯಲ್ಲಾಯಿತು.

ಅವಳು ಗಡಿಯಾರ ನೋಡಿ ಬರೆದಳು: ಹತ್ತು ಗಂಟೆ ಹದಿನಾಲ್ಕು ನಿಮಿಷ. ಕೆಮ್ಮು ಇಲ್ಲ.